ನಮ್ಮವಳ ಮುಂದೆ ಬಿಸಿ ಮುದ್ದೆ

ಸ್ನೇಹಿತರೇ, ಇವತ್ತು ಮಧ್ಯಾಹ್ನ ನನ್ನ ಹೆಂಡತಿ ಮುಷ್ಕರ ಹೂಡಿದಳು. "ಇವತ್ತು ಒಲೆ ಹಚ್ಚಲ್ಲ. ಹೊರ್ಗೆ ಉಣ್ಣಾನ," ಅಂದಳು. ಮಗಳು ಶಿರಾ ಹೈವೇ ಪಕ್ಕದ ಎ.ಸಿ. ಹೋಟೆಲ್ ಅಂದಳು.

"ಅಲ್ಲಿಗೋಗಕ್ಕೆ ಸೀರೆ ಇಸ್ತ್ರಿ ಮಾಡ್ಬೇಕು. ಅದ್ನೂ ನಾನೇ ಮಾಡ್ಬೇಕು. ನಮ್ ಬೀದಿ ಕೊನೇಲಿ ರತ್ನಮ್ಮನ ಹೋಟ್ಲೈತಲ್ಲ, ಚಪ್ಲಿ ಮೆಟ್ಕಂಡ್ರೆ ಆಯ್ತು," ಅಂದಳು ಹೆಂಡತಿ.

ನಾಲ್ಕೇ ಮೇಜಿನ ಹೋಟೆಲು. ರತ್ನಮ್ಮ ಮೂವರಿಗೂ ಹಬೆಯಾಡುವ ಮುದ್ದೆ ಇಟ್ಟು, ಸಾರಿನ ಬಕೆಟ್ಟನ್ನು ಮೇಜಿನ ಮೇಲಿರಿಸಿ ಒಳಗೆ ಹೋದಳು. ಅಷ್ಟೇ ಸಾಕಾಯಿತು. ನಮ್ಮವಳು ಎದ್ದು ಸೌಟು ಹಿಡಿದು ನನಗೆ ಬಡಿಸಿದಳು, ಮಗಳಿಗೆ ಬಡಿಸಿದಳು, ಕೈ ನಿಲ್ಲದೆ ಪಕ್ಕದ ಮೇಜಿನ ಲಾರಿ ಡ್ರೈವರ್ ತಟ್ಟೆಗೂ ಒಂದು ಸೌಟು ಹಾಕಿದಳು. ಆತ ತಕರಾರಿಲ್ಲದೆ ಉಂಡ.

ರತ್ನಮ್ಮ ಓಡಿಬಂದು ಸೌಟು ಕಿತ್ತುಕೊಂಡಳು. "ಯಾಕಮ್ಮ, ನನ್ ಹೊಟ್ಟೆ ಮೇಲೆ ಹೊಡೀತೀಯ? ಸುಮ್ಕೆ ಕೂತ್ಕಂಡು ಉಣ್ಣು. ಆರೋಯ್ತದೆ ಕಣಮ್ಮ."

ಹೆಂಡತಿ ಕೂತಳು. ಮುದ್ದೆಯನ್ನೇ ನೋಡುತ್ತಾ ಕೂತಳು. ನಮ್ಮದು ಅರ್ಧ ಮುಗಿದರೂ ಅವಳ ಬೆರಳು ತಟ್ಟೆಗೆ ಇಳಿಯಲಿಲ್ಲ.

"ಯಾಕೇ, ಹಿಡಿಸ್ಲಿಲ್ವಾ?" ಅಂದೆ.

"ಹಂಗಲ್ಲ. ವಸಿ ಆರ್ಲಿ ಅಂತ. ನಂಗೆ ಇಷ್ಟು ಬಿಸೀದು ಉಂಡು ಅಭ್ಯಾಸಿಲ್ಲ."

ಮದುವೆಯಾದ ಈ ಹತ್ತೊಂಬತ್ತು ವರ್ಷ ನಮಗೆ ಬಿಸಿ, ಅವಳು ಬ್ಯುಸಿ, ಎಂದು ನನಗೊಂದು ಚಟಾಕಿ ಹೊಳೆಯಿತು. ಹೇಳಲು ಧೈರ್ಯ ಬರಲಿಲ್ಲ. ಮುದ್ದೆಯ ಹಾಗೆ ಅಗಿಯದೆ ನುಂಗಿಬಿಟ್ಟೆ. ಮುದ್ದೆ ಆಗಲೇ ಕರಗಿದೆ, ಆ ಚಟಾಕಿ ಮಾತ್ರ ಇನ್ನೂ ಗಂಟಲಿಂದ ಇಳಿದಿಲ್ಲ.