ಅತ್ತೆ ಕಟ್ಟಿದ ಬಿಳಿ ದಾರ

ಇದು 2006ರ ಮಾತು. ತೇರದಾಳದಿಂದ ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಬಂದು ನನಗೆ ಎರಡು ವರ್ಷವಾಗಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ವಿಷಯ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಎರಡು ಸಲ ಡುಮ್ಕಿ ಹೊಡೆದಿದ್ದೆ. ನಮ್ಮ ಓಣಿಯ ಅಂಗನವಾಡಿ ಕಾರ್ಯಕರ್ತೆ ಆ ವರ್ಷ ನಿವೃತ್ತರಾಗುವವರಿದ್ದರು. ಆ ಕೆಲಸ ನನಗೇ ಸಿಗಬೇಕೆಂದು ಜೀವ ಬಿಡುತ್ತಿದ್ದೆ. ಆದರೆ ಹತ್ತನೆಯದು ಪಾಸಾಗದೆ ಅರ್ಜಿಯನ್ನೇ ಹಾಕುವಂತಿರಲಿಲ್ಲ. ಜೂನ್ ತಿಂಗಳ ಪರೀಕ್ಷೆಯೊಂದೇ ಉಳಿದಿದ್ದ ದಾರಿ.

ನನ್ನನ್ನು ಗೋಳು ಹೊಯ್ದುಕೊಂಡಿದ್ದು ಒಂದೇ ತರಹ ಕಾಣುವ ಪದಗಳು. ‘ಫ್ರಮ್’ (from) ಮತ್ತು ‘ಫಾರ್ಮ್’ (form), ‘ಕ್ವೈಟ್’ (quite) ಮತ್ತು ‘ಕ್ವಯಟ್’ (quiet). ಅಕ್ಷರಗಳು ಅವೇ, ಅರ್ಥ ಮಾತ್ರ ಎತ್ತಲೋ. ಅವು ಕಲೆತುಹೋಗಬಾರದೆಂದು ಒಂದನ್ನು ಒಂದು ನೋಟ್‌ಬುಕ್ಕಿನಲ್ಲಿ, ಅದರ ಜೋಡಿಯನ್ನು ಇನ್ನೊಂದರಲ್ಲಿ ಬರೆದಿಟ್ಟಿದ್ದೆ. ನಮ್ಮ ಮನೆಯಲ್ಲಿ ಹತ್ತಿರದ ಬಣ್ಣದ ನೂಲುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತಿದ್ದರಲ್ಲ, ಅದನ್ನು ನೋಡಿ ಹೊಳೆದ ಉಪಾಯ ಅದು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಪದಗಳು ಮಾತ್ರ ತಲೆಯಲ್ಲಿ ಕಲೆಯುವುದನ್ನು ಬಿಡಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಅತ್ತೆ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು, ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತಿ ಕೊಡುತ್ತಿದ್ದೆ. ಕೈ ನೂಲಿನ ಮೇಲೆ, ಕಣ್ಣು ತೊಡೆಯ ಮೇಲಿನ ಪುಸ್ತಕದ ಮೇಲೆ. ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ನಿಂತಿತು. ತಲೆಯೆತ್ತಿದರೆ ಸೀರೆಯ ಮೈಯಲ್ಲಿ ನಾಲ್ಕು ಬೆರಳಗಲದ ಪಟ್ಟಿ ಬಿದ್ದಿತ್ತು. ಅವರು ಹೇಳಿದ್ದೇ ಒಂದು ಕೆಂಪು, ನಾನು ಸುತ್ತಿದ್ದೇ ಇನ್ನೊಂದು ಕೆಂಪು. ಇವತ್ತು ನನ್ನ ಪುಸ್ತಕ ಒಲೆಗೆ ಹೋಯಿತು ಎಂದುಕೊಂಡೆ.

ಅತ್ತೆ ಬೈಯಲಿಲ್ಲ. ಎರಡೂ ನೂಲಿನ ಲಡಿಗಳನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ, ಬಿಸಿಲಿಗೆ ಒಟ್ಟಿಗೆ ಹಿಡಿದು ನನ್ನನ್ನು ಕರೆದರು.

“ದೂರ ದೂರ ಇಟ್ಟರ ಎರಡೂ ಒಂದಽ ಕಾಣತಾವು. ಮಗ್ಗಲಾಗ ಇಟ್ಟು ನೋಡವಾ, ತಾವಽ ಹೇಳತಾವು ನಾ ಬ್ಯಾರೆ ಅಂತ.”

ಹೌದು, ಒಂದರಲ್ಲಿ ಸಣ್ಣಗೆ ಕಪ್ಪು ಛಾಯೆ ಇತ್ತು. ಅತ್ತೆ ಆ ಲಡಿಗೆ ಗುರುತಿಗೆಂದು ಬಿಳಿ ದಾರದ ಗಂಟು ಹಾಕಿದರು. ನನಗೆ ನನ್ನ ಎರಡು ನೋಟ್‌ಬುಕ್ಕುಗಳು ನೆನಪಾದವು. ಒಳಗೆ ಓಡಿ, ಸೀರೆ ಪೆಟ್ಟಿಗೆಯ ರಟ್ಟು ಹರಿದು, ‘ಫ್ರಮ್’, ‘ಫಾರ್ಮ್’ ಎರಡನ್ನೂ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ತಂದು ಅವರ ಮುಂದೆ ಹಿಡಿದೆ. ಅತ್ತೆ ಹುಟ್ಟಿದಾಗಿನಿಂದ ಸಾಲೆಯ ಮೆಟ್ಟಿಲು ಹತ್ತಿದವರಲ್ಲ. ರಟ್ಟುಗಳನ್ನು ಲಡಿಗಳ ಹಾಗೆಯೇ ಬೆಳಕಿಗೆ ಹಿಡಿದು ನೋಡಿದರು.

“ನಡುವ ಕುಂತ ಇಬ್ರು ಜಾಗಾ ಬದಲ ಮಾಡ್ಯಾರ ನೋಡು” ಅಂದರು.

ನಾನು ಕುಣಿದುಬಿಟ್ಟೆ. ಎರಡು ವರ್ಷ ನನಗೆ ಕಾಣದ್ದು ಅಕ್ಷರ ಬಾರದ ಅವರಿಗೆ ಒಂದೇ ನೋಟಕ್ಕೆ ಕಂಡಿತ್ತು! ಅವತ್ತಿನಿಂದ ನೂಲು ಒಣಹಾಕುವ ಹಗ್ಗದ ಮೇಲೆ ಇಂಗ್ಲಿಷ್ ನೇತಾಡತೊಡಗಿತು. ದಿನಕ್ಕೆ ಐದು ಜೋಡಿ. ಪ್ರತಿ ಜೋಡಿಯಲ್ಲಿ ಒಂದಕ್ಕೆ ಬಿಳಿ ದಾರ, ಕೆಳಗೆ ಒಂದು ವಾಕ್ಯ. ಅತ್ತೆ ಮಗ್ಗದಿಂದಲೇ ಬೊಟ್ಟು ಮಾಡಿ, ದಾರ ಇದ್ದದ್ದು ಏನು, ಇಲ್ಲದ್ದು ಏನು ಎಂದು ಕೇಳುತ್ತಿದ್ದರು. ನಾನು ತಡವರಿಸಿದರೆ ಲಾಳಿ ನಿಲ್ಲಿಸುತ್ತಿದ್ದರು. ಓಣಿಯವರು ಇದೇನು ಹುಚ್ಚು ಎಂದು ಇಣುಕಿ ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಜಮಖಂಡಿಯ ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ತೆರೆದರೆ ‘ಕ್ವೈಟ್’ ನನಗಾಗಿಯೇ ಕಾದು ಕುಳಿತಿತ್ತು. ಕಣ್ಣು ಮುಚ್ಚಿದೆ, ಹಗ್ಗ ಕಂಡಿತು, ದಾರವೂ ಕಂಡಿತು. ಬರೆದೆ. ಆಮೇಲೆ ಪೆನ್ನು ನಿಲ್ಲಲೇ ಇಲ್ಲ.

ಪಾಸಾದೆ, ಐವತ್ತೆರಡು ಅಂಕ! ಹೊಸ ಅಂಕಪಟ್ಟಿ ಕೈಗೆ ಬಂದ ದಿನ ಅತ್ತೆ ನನ್ನ ಹಳೆಯದನ್ನೂ ತರಹೇಳಿದರು. ಅದೇ ಕಾಗದ, ಅದೇ ಅಚ್ಚು, ಅದೇ ಹೆಸರು. ಎರಡನ್ನೂ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಕೊನೆಗೆ ಕೆಳಗಿನ ಫಲಿತಾಂಶದ ಸಾಲಿನ ಮೇಲೆ ಬೆರಳಿಟ್ಟರು. ಸರಿಯಾದ ಜಾಗ ಅದೇ ಆಗಿತ್ತು. ಆಮೇಲೆ ಹೊಸದರ ಮೂಲೆಗೆ ಸೂಜಿ ಚುಚ್ಚಿ ಬಿಳಿ ದಾರದ ಗಂಟು ಹಾಕಿದರು.

ಅಂಗನವಾಡಿ ಕೆಲಸಕ್ಕೆ ದಾಖಲೆ ತೋರಿಸಲು ಹೋದಾಗ ಅಧಿಕಾರಿ ಆ ದಾರವನ್ನು ಎಳೆದು ನೋಡಿ, ಇದೇನೆಂದು ಕೇಳಿದರು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಅತ್ತೆ ಕಣ್ಣ ಮುಂದೆ ಬಂದರು.

“ನಮ್ಮತ್ತಿ ಸಹಿ ರೀ ಸರ್” ಅಂದೆ.

ಕೆಲಸ ಸಿಕ್ಕಿತು. ಆ ಗಂಟನ್ನು ನಾನು ಇವತ್ತಿಗೂ ಬಿಚ್ಚಿಲ್ಲ.