ಮಾವನವರು ಹೇಳಿಕೊಟ್ಟ ಮಾತು

ನಮ್ಮ ಮನೆಯಲ್ಲಿ ಈಗ ಒಂದು ಲೋಟ ನೀರು ಕೊಡಬೇಕಾದರೂ ನಿಘಂಟು ನೋಡಬೇಕು.

ತಮಾಷೆಗೆ ಹೇಳುತ್ತಿಲ್ಲ. ತಮಾಷೆ ಮಾಡುವಷ್ಟು ತ್ರಾಣ ಈಚೆಗೆ ನನಗೆ ಉಳಿದಿಲ್ಲ. ಕಳೆದ ತಿಂಗಳು ಒಂದು ಬೆಳಗ್ಗೆ ನಮ್ಮ ಮಾವನವರು ಮಂಚದ ಮೇಲಿಂದ "ಪಿಪಾಸೆಯು ಬಾಧಿಸುತ್ತಿದೆ" ಅಂದರು. ಬಾಧೆ ಅನ್ನುವುದೊಂದೇ ನನ್ನ ಕಿವಿಗೆ ನಾಟಿದ್ದು. ಹೊಟ್ಟೆನೋವು ಇರಬೇಕೆಂದು ಓಮದ ಕಷಾಯ ಕಾಯಿಸಿ ಕುಡಿಸಿದೆ. ಕಷಾಯ ಒಳಗೆ ಹೋದಷ್ಟೇ ವೇಗವಾಗಿ ನನ್ನ ಸೀರೆ ಮೇಲೆ ಬಂತು. ಮಗಳು ಉಷಾ ನಿಘಂಟು ತೆಗೆದು ನೋಡಿ, "ಅಮ್ಮಾ, ಪಿಪಾಸೆ ಅಂದ್ರೆ ಬಾಯಾರಿಕೆ ಕಣೇ. ತಾತಂಗೆ ನೀರು ಬೇಕಂತೆ" ಅಂದಳು.

ಬಸ್ಸಿಗೆ ಹೊತ್ತಾಗಿತ್ತು. ಸೀರೆ ಬದಲಾಯಿಸಿದೆ, ನೀರು ಕುಡಿಸಿದೆ, ಓಡಿದೆ.

ಈ ಅಂಕಣ ಓದುತ್ತಾ ಬಂದವರಿಗೆ ನಮ್ಮ ಮಾವನವರ ಪರಿಚಯ ಇದೆ. ಇಲ್ಲದವರಿಗೆ ಎರಡು ಮಾತು. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ರಿಟೈರ್ ಆದವರು. ರಾಜಾಜಿನಗರದ ನಮ್ಮ ಈ ಪುಟ್ಟ ಮನೆ ಅವರು ಕಟ್ಟಿಸಿದ್ದು. ನಾನು ಬರೆದದ್ದನ್ನು ಪತ್ರಿಕೆಗೆ ಕಳಿಸುವ ಮುಂಚೆ ಅವರಿಗೆ ಓದಿ ಹೇಳಬೇಕಿತ್ತು. ಹೊಗಳಿದವರಲ್ಲ. ತಪ್ಪಿದ್ದ ಕಡೆ ಕೆಮ್ಮುತ್ತಿದ್ದರು. (ಕೆಮ್ಮು ಇಲ್ಲದೆ ಮುಗಿದ ವಾರ ನನಗೆ ಹಬ್ಬ.)

ದೀಪಾವಳಿ ಕಳೆದ ಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಜೊತೆಗೆ ಮಾತೂ ಹೋಯಿತು. ಒಂದಷ್ಟು ದಿನ ಬರೀ ಗೊರಗೊರ ಸದ್ದು. ಆಮೇಲೆ ಇದ್ದಕ್ಕಿದ್ದಂತೆ ಈ ಪಿಪಾಸೆ. ಅನ್ನ ಅನ್ನಲು ಬಾಯಿ ಬರುವುದಿಲ್ಲ, ಮಗನ ಹೆಸರು ಬರುವುದಿಲ್ಲ, ಪಿಪಾಸೆ ಮಾತ್ರ ಸ್ಫುಟವಾಗಿ ಬರುತ್ತದೆ! ಇದೆಂಥ ಕಾಯಿಲೆ?

ಡಾಕ್ಟರು ಸಮಾಧಾನವಾಗಿ ಹೇಳಿದರು. "ಬಾಯಿಪಾಠ ಮಾಡಿದ್ದು ಕೆಲವರಿಗೆ ಉಳ್ಕೊಳ್ಳತ್ತಮ್ಮ. ಅದು ಯಾವ್ದಾದ್ರೂ ಆಗ್ಲಿ, ಮಾತಾಡಿಸ್ತಾ ಇರಿ. ಒಂದ್ಸಲ ಬೇಜಾರಾಗಿ ಬಾಯಿ ಮುಚ್ಚಿಬಿಟ್ರೆ, ಇರೋದೂ ಹೋಗತ್ತೆ."

ಯಾವ ಬಾಯಿಪಾಠ ಅಂತ ಗೊತ್ತುಮಾಡಿದ್ದು ನಮ್ಮ ಯಜಮಾನರು. "ಇದು ಅಪ್ಪನ ನಾಟಕ ಕಣೇ. ಪ್ರತಿವರ್ಷ ಸ್ಕೂಲ್ ಡೇಗೆ ಅದನ್ನೇ ಆಡಿಸೋರು. ನಾನೂ ಒಂದ್ಸಲ ದ್ವಾರಪಾಲಕ ಆಗಿದ್ದೆ. ಮಾತಿರಲಿಲ್ಲ. ಈಟಿ ಹಿಡ್ಕೊಂಡು ನಿಂತಿರೋದು." (ಮನೆಯಲ್ಲಿ ಇವತ್ತಿಗೂ ಅದೇ ಪಾತ್ರ.)

ಅಟ್ಟದ ಟ್ರಂಕಿನಲ್ಲಿ ಪುಸ್ತಕ ಸಿಕ್ಕಿತು. ಯಾವುದೋ ಕಾಲದ ಸಂಸ್ಕೃತ ನಾಟಕ, ಯಾರೋ ಹಿರಿಯರು ಕನ್ನಡಕ್ಕೆ ಮಾಡಿದ್ದು. ರಟ್ಟು ಕಿತ್ತುಹೋಗಿದೆ, ಮೊದಲ ಪುಟಗಳೇ ಇಲ್ಲ. ಒಬ್ಬ ರಾಜ, ಒಬ್ಬಳು ರಾಣಿ, ಸಖಿ, ವಿದೂಷಕ, ಬೈಸಿಕೊಳ್ಳಲು ಕಂಚುಕಿ ಅಂತ ಅಂತಃಪುರದ ಒಬ್ಬ ಮುದುಕ. ಅದನ್ನು ಆಫೀಸಿನ ಬ್ಯಾಗಿಗೆ ಹಾಕಿಕೊಂಡೆ. ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ನಾಟಕ. ನನ್ನ ವಯಸ್ಸಿನ ಹೆಂಗಸು ಪರೀಕ್ಷೆಗೆ ಕೂರುವ ಹುಡುಗಿಯ ಹಾಗೆ ಪದಗಳ ಅರ್ಥ ಉರುಹೊಡೆಯುವುದನ್ನು ನೋಡಿ ಕಂಡಕ್ಟರಿಗೂ ಕನಿಕರ ಹುಟ್ಟಿರಬೇಕು, ಚಿಲ್ಲರೆಗೆ ಜಗಳ ಮಾಡುವುದನ್ನು ಬಿಟ್ಟರು.

ಕಲಿತೆ. ಕಲಿಯದೆ ವಿಧಿಯಿರಲಿಲ್ಲ. "ಆತಪವು ಅಸಹನೀಯ" ಅಂದರೆ ಕಿಟಕಿಯಿಂದ ಬಿಸಿಲು ಹೊಡೆಯುತ್ತಿದೆ, ಪರದೆ ಎಳೆಯಬೇಕು. "ಏನೀ ಕೋಲಾಹಲ?" ಅಂದರೆ ಪಕ್ಕದ ಮನೆಯವರ ರೇಡಿಯೋ ಜೋರಾಯಿತು, ಹೋಗಿ ಹೇಳಬೇಕು. "ಉತ್ತರೀಯವೆಲ್ಲಿ?" ಅಂದರೆ ಟವೆಲ್ಲು. ಉಷಾಗಂತೂ ಇದೆಲ್ಲ ಆಟ. ಅವಳು ಫ್ರೆಂಡ್ಸ್ ಮುಂದೆ ಪಿಪಾಸೆ ಅಂದು ನಗಿಸುತ್ತಾಳೆ. ನನಗೆ ಮಾತ್ರ ನಗು ಬರಲಿಲ್ಲ. ಹೊಸ ಪದ ಕಲಿತರೆ ಜ್ಞಾನ ಹೆಚ್ಚುತ್ತದೆ ಅಂತಾರೆ. ನನಗೆ ಒಂದೊಂದು ಹೊಸ ಪದಕ್ಕೂ ಒಂದೊಂದು ಹೊಸ ಕೆಲಸ ಹೆಚ್ಚಿತು, ಅಷ್ಟೆ.

ಆದರೆ ಒಂದು ಮಾತು ಮಾತ್ರ ಎಷ್ಟು ಕಲಿತರೂ ಬಗೆಹರಿಯಲಿಲ್ಲ.

ಸಂಜೆ ನಾನು ಆಫೀಸಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ಹೊತ್ತಿಗೆ ಮಾವನವರು ಹಾಲಿನ ಆರಾಮಕುರ್ಚಿಯಲ್ಲಿ ಕೂತಿರುತ್ತಾರೆ. ಸ್ಕೂಲಿಂದ ಬಂದ ಉಷಾ ಮತ್ತು ಪಕ್ಕದ ಮನೆಯವರು ಸೇರಿ ಎತ್ತಿ ಕೂರಿಸಿರುತ್ತಾರೆ. (ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು.) ನನ್ನನ್ನು ಕಂಡದ್ದೇ ಮಾವನವರು ಎಡಗೈ ಎತ್ತಿ, ಅಂಗೈ ಮೇಲಕ್ಕೆ ಮಾಡಿ, ಹೇಳುತ್ತಿದ್ದರು: "ದೇಹವು ಪರಿಶ್ರಾಂತವಾಗಿದೆ. ಕ್ಷಣಕಾಲ ವಿಶ್ರಮಿಸಲು ಅನುಜ್ಞೆಯಾಗಲಿ."

ನಿಘಂಟಿನಲ್ಲಿ ಎಲ್ಲ ಇತ್ತು. ಪರಿಶ್ರಾಂತ, ಬಹಳ ದಣಿದ. ಅನುಜ್ಞೆ, ಅಪ್ಪಣೆ. ಇನ್ನೇನು ಅನುಮಾನ? ಪಾಪ, ಕೂತೂ ಕೂತೂ ದಣಿದಿದ್ದಾರೆ, ಮಲಗಿಸು ಅಂತ ಕೈ ಚಾಚುತ್ತಿದ್ದಾರೆ. ಬ್ಯಾಗು ಅಲ್ಲೇ ಎಸೆದು, ಕಂಕುಳಿಗೆ ಕೈ ಕೊಟ್ಟು, ಉಸಿರು ಬಿಗಿಹಿಡಿದು ಎತ್ತಿ ಮಂಚಕ್ಕೆ ಸಾಗಿಸುತ್ತಿದ್ದೆ. ಅವರು ಬೇಡ ಬೇಡ ಅಂತ ತಲೆ ಆಡಿಸುವರು, ಎಡಗೈಯಲ್ಲಿ ನನ್ನನ್ನು ತಳ್ಳುವರು. ಕೈ ಮತ್ತೆ ಎತ್ತುವರು. ಅದೇ ಮಾತು, ಇನ್ನೂ ಜೋರಾಗಿ. ನಾನು ಹೊದಿಕೆ ಹೊದಿಸಿದರೆ ಕಣ್ಣಲ್ಲಿ ನೀರು.

ಆ ಸಾಲು ಪುಸ್ತಕದಲ್ಲಿ ಸಿಗಲಿಲ್ಲವಾ ಅಂತ ಕೇಳಬಹುದು. ಸಿಕ್ಕಿತು. ರಾಣಿಯ ಮಾತು ಅದು. ಅರಮನೆಯ ಉತ್ಸವದ ಕೆಲಸವನ್ನೆಲ್ಲ ಹೊತ್ತು ಸಂಜೆ ಸಭೆಗೆ ಬಂದು ನಿಂತಾಗ ಹೇಳುವುದು. ಸಿಕ್ಕಿ ಏನು ಪ್ರಯೋಜನ? ನೀರಿನ ಮಾತು ವಿದೂಷಕನದಿತ್ತು, ಬಿಸಿಲಿನದು ಕಂಚುಕಿಯದಿತ್ತು. ಬೇಕಾದ್ದನ್ನು ಕೇಳಲು ಮಾವನವರಿಗೆ ಯಾರ ಮಾತಾದರೂ ಆಗುತ್ತಿತ್ತು.

ದಿನ ಕಳೆದ ಹಾಗೆ ಅವರು ಗೋಡೆ ಕಡೆ ತಿರುಗಿ ಮಲಗಲು ಶುರುಮಾಡಿದರು. ಬಿಸಿಲು ಮುಖಕ್ಕೆ ಬಿದ್ದರೂ ಆತಪದ ಸುದ್ದಿ ಇಲ್ಲ. ರೇಡಿಯೋ ಕೂಗಿದರೂ ಸುಮ್ಮನೆ. ನೀರು ಕೊಟ್ಟರೆ ಕುಡಿದರು, ಕೊಡದಿದ್ದರೆ ಕೇಳಲಿಲ್ಲ. ಡಾಕ್ಟರು ಹೇಳಿದ್ದು ನೆನಪಾಗಿ ನನಗೆ ಭಯ ಹತ್ತಿತು. ಇಷ್ಟು ಪದ ಕಲಿತು, ಕೊನೆಗೆ ಅವರ ಬಾಯಿ ಮುಚ್ಚಿಸಿದವಳು ನಾನೇ ಆಗುತ್ತೇನಾ? ಕೆಮ್ಮಿಯಾದರೂ ತೋರಿಸಿ ಮಾವಾ, ಎಲ್ಲಿ ತಪ್ಪಿದೆ ಅಂತ ಕೇಳಿಬಿಟ್ಟೆ ಒಂದು ದಿನ. ಗೋಡೆ ನೋಡುತ್ತಿದ್ದವರು ನೋಡುತ್ತಲೇ ಇದ್ದರು.

ಹೋದ ಸೋಮವಾರ ಸಂಜೆ ಸೀಮೆಎಣ್ಣೆ ಕ್ಯೂ ಮುಗಿಸಿ, ಡಬ್ಬ ಹೊತ್ತುಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ಒಂದು ಸ್ಕೂಟರು. ಹಾಲಿನಲ್ಲಿ ಇರುವ ಒಂದೇ ಒಂದು ಒಳ್ಳೆಯ ಕುರ್ಚಿ ತುಂಬಾ ಒಬ್ಬ ದಪ್ಪ ಮನುಷ್ಯ. ಬೆರಳಿಗೆಲ್ಲ ಉಂಗುರ, ಪಕ್ಕದಲ್ಲಿ ಒಂದು ಗೊನೆ ಬಾಳೆಹಣ್ಣು. ನಾಯಂಡಹಳ್ಳಿಯಲ್ಲಿ ಎರಡು ಗೋಡೌನು ಇರುವ ಗಂಗಾಧರಯ್ಯ ಅಂತೆ, ಮಾವನವರ ಹಳೇ ಶಿಷ್ಯರಂತೆ. ಮೇಷ್ಟ್ರಿಗೆ ಹೀಗಾಗಿದೆ ಅಂತ ತಡವಾಗಿ ಗೊತ್ತಾಯಿತಂತೆ. ಬಂದಾಗಿನಿಂದ ಅವರೊಬ್ಬರೇ ಮಾತಾಡುತ್ತಿದ್ದರು ಅಂತ ಉಷಾ ಆಮೇಲೆ ಹೇಳಿದಳು.

ನನ್ನನ್ನು ಕಂಡು ಆರಾಮಕುರ್ಚಿಯಲ್ಲಿದ್ದ ಮಾವನವರ ಕೈ ಎಷ್ಟೋ ದಿನಗಳ ನಂತರ ಮೇಲೆದ್ದಿತು. "ದೇಹವು..." ಅಂದರು. ಅಷ್ಟೇ. ದನಿ ತೀರ ಕೆಳಗಿತ್ತು.

ನಾನು ಡಬ್ಬ ಇಟ್ಟು ಎಂದಿನ ಹಾಗೆ ಕಂಕುಳಿಗೆ ಕೈ ಹಾಕಲು ಹೋದೆ.

"ಅಯ್ಯಯ್ಯೋ, ಮುಟ್ಬೇಡಿ ತಾಯಿ!" ಗಂಗಾಧರಯ್ಯ ಕೂಗಿದರು. "ಮೇಷ್ಟ್ರು ಪ್ರಾಂಪ್ಟ್ ಮಾಡ್ತಾ ಇದಾರೆ!"

ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಆ ಕೈ ನೋಡ್ರಮ್ಮ. ಸ್ಕೂಲ್ ಡೇ ದಿವ್ಸ ಸೈಡ್ ವಿಂಗಲ್ಲಿ ಸ್ಟೂಲ್ ಹಾಕ್ಕೊಂಡು ಕೂತು, ಇಡೀ ನಾಟಕ ಬಾಯಲ್ಲೇ ಹೇಳ್ಕೊಡೋರು. ಕೈ ಹಿಂಗೆ ಎತ್ತಿದ್ರೆ ಇದು ನಿನ್ ಮಾತು, ಹೇಳು ಅಂತ. ನಾವು ತಿರುಗಿ ಹೇಳೋವರ್ಗೂ ಬಿಡ್ತಿರ್ಲಿಲ್ಲ. ಎಷ್ಟು ಸಲ ಬೇಕಾದ್ರೂ ಹೇಳ್ಕೊಡೋರು, ಆಗ್ಲೂ ಹೇಳ್ದಿದ್ರೆ ಮುಖ ತಿರುಗಿಸ್ಕೊಳ್ಳೋರು. ನಾನು ರಾಣಿ ಸಖಿ ಪಾರ್ಟು ಮಾಡ್ತಿದ್ದೆ." ಅವರು ಹೊಟ್ಟೆ ಸವರಿಕೊಂಡರು. "ಆಗ ಸಣ್ಣಗಿದ್ದೆ ಬಿಡಿ. ಇದು ರಾಣಿ ಮಾತು. ಮೇಷ್ಟ್ರು ದಣಿದಿದೀನಿ ಅಂತ ಹೇಳ್ತಿಲ್ಲ ತಾಯಿ. ನಿಮ್ ಮಾತು ಅದು, ನೀವು ಹೇಳ್ಬೇಕು."

ನಾನು ಸೀಮೆಎಣ್ಣೆ ವಾಸನೆಯ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ನಾಚಿಕೆಯಾಯಿತು. ಗಂಡಸೊಬ್ಬರು ಹೊರಗಿನವರು ಕೂತಿರುವಾಗ, ಮಾವನವರ ಮುಂದೆ, ನಾನು ನಾಟಕದ ಮಾತು ಆಡುವುದೇ? ಅದೂ ಇಂಥ ಮಾತು? ಮಾವನವರ ಕೈ ಮಾತ್ರ ಇನ್ನೂ ಇಳಿದಿರಲಿಲ್ಲ.

"ದೇಹವು," ಅಂದೆ.

"ಪರಿಶ್ರಾಂತವಾಗಿದೆ," ಅಂದರು.

"ಪರಿಶ್ರಾಂತವಾಗಿದೆ. ಕ್ಷಣಕಾಲ ವಿಶ್ರಮಿಸಲು ಅನುಜ್ಞೆಯಾಗಲಿ."

ಅವರು ತಲೆದೂಗಿದರು. ಕೆಮ್ಮಲಿಲ್ಲ. ಕೈಯನ್ನು ಅಲ್ಲಿಂದ ಗಂಗಾಧರಯ್ಯನವರ ಕಡೆಗೆ ತಿರುಗಿಸಿ, "ಆಸನವು ಸಿದ್ಧವಾಗಿದೆ" ಅಂದರು.

ಎರಡು ಗೋಡೌನಿನ ಯಜಮಾನ ಆ ದೇಹ ಹೊತ್ತುಕೊಂಡು ಎದ್ದ ವೇಗ ನೋಡಬೇಕಿತ್ತು. ಕುರ್ಚಿ ಬಿಟ್ಟು ಪಕ್ಕಕ್ಕೆ ಸರಿದು, ಕೈಕಟ್ಟಿ, ಸಣ್ಣ ದನಿ ತೆಗೆದು, "ಆಸನವು ಸಿದ್ಧವಾಗಿದೆ, ಮಹಾರಾಣಿ" ಅಂದರು. ಉಷಾ ಬಾಯಿಗೆ ಕೈ ಇಟ್ಟುಕೊಂಡಳು.

ನಾನು ಕೂತೆ. ಕೂತು ಅತ್ತುಬಿಟ್ಟೆ. ಹೇಳಿಕೊಳ್ಳಲು ಈಗ ನಾಚಿಕೆ ಏನಿಲ್ಲ.

ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ, ನಲ್ಲಿಯಲ್ಲಿ ನೀರು ಬರುವ ಮುಂಚೆ ಏಳುವುದು, ಸ್ಟವ್ ಪಂಪು ಮಾಡುವುದು, ಬಸ್ಸು, ಆಫೀಸಿನ ಟೈಪು, ಮತ್ತೆ ಬಸ್ಸು, ಮತ್ತೆ ಸ್ಟವ್. ಸುಸ್ತು ಅನ್ನುವ ಪದ ನನಗೆ ಗೊತ್ತಿರಲಿಲ್ಲವಾ? ಅದಕ್ಕೆ ನಿಘಂಟು ಬೇಕಿರಲಿಲ್ಲ. ಆದರೆ ಒಂದು ದಿನವೂ ಅದು ಬಾಯಿಗೆ ಬಂದಿರಲಿಲ್ಲ. ಮಾವನವರು ನನ್ನನ್ನು ನೋಡಿ ಹೇಳಿಕೊಟ್ಟರೋ, ಬಾಗಿಲಲ್ಲಿ ಯಾರೋ ಬಂದು ನಿಂತದ್ದು ಕಂಡು ಹಳೇ ರೂಢಿಗೆ ರಾಣಿಯ ಮಾತು ನಾಲಿಗೆಗೆ ಬಂತೋ, ನನಗೆ ಗೊತ್ತಿಲ್ಲ. ಕೇಳೋಣ ಅಂದರೆ ನಾಟಕದಲ್ಲಿ ಆ ಪ್ರಶ್ನೆ ಇಲ್ಲ.

ಈಗ ದಿನಾ ಸಂಜೆ ನಮ್ಮ ಮನೆಯಲ್ಲಿ ಸ್ಕೂಲ್ ಡೇ. ನಾನು ಬಾಗಿಲಲ್ಲಿ ನನ್ನ ಮಾತು ಒಪ್ಪಿಸುತ್ತೇನೆ, ಉಷಾ ಆಸನ ಸಿದ್ಧ ಮಾಡುತ್ತಾಳೆ. ಮಾವನವರು ಗೋಡೆ ಬಿಟ್ಟು ನಮ್ಮ ಕಡೆ ತಿರುಗಿದ್ದಾರೆ. ಆತಪವೂ ಬಂದಿದೆ, ಕೋಲಾಹಲವೂ ಬಂದಿದೆ. ಮೊನ್ನೆ ನಾಟಕದಲ್ಲಿಲ್ಲದ ಒಂದು ಮಾತು ಬಂತು: ಕಾಫಿ. ಡಾಕ್ಟರಿಗೆ ಸಂತೋಷವಾಯಿತು. ನನಗೂ ಆಯಿತು. ಹಾಗಂತ ನನ್ನ ದಣಿವೇನೂ ಇಳಿದಿಲ್ಲ, ಸೀಮೆಎಣ್ಣೆ ಕ್ಯೂ ಇದ್ದ ಹಾಗೇ ಇದೆ.

ನಮ್ಮ ಯಜಮಾನರಿಗೆ ಇದೆಲ್ಲ ಗೊತ್ತಾದದ್ದು ನಿನ್ನೆ ಭಾನುವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ಎಲ್ಲ ಕೇಳಿ ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಅನುಜ್ಞೆ ಅಂದ್ರೆ?" ಅಂತ ಕೇಳಿದರು. ಅಪ್ಪಣೆ ಅಂದೆ.

"ಅಲ್ವೇ, ನಮ್ಮನೇಲಿ ನೀನು ಕೂತ್ಕೊಳ್ಳೋದಕ್ಕೆ ಯಾರ ಅಪ್ಪಣೆ ಬೇಕು?" ಅಂತ ನಿಜವಾಗಿಯೂ ಬೇಜಾರು ಮಾಡಿಕೊಂಡು ಕೇಳಿ, ತಟ್ಟೆ ಮುಂದೆ ಮಾಡಿದರು. "ಇನ್ನೊಂದು ಸೌಟು ಸಾರು ಹಾಕು."

ಹಾಕಿದೆ, ನಿಂತುಕೊಂಡೇ.