ಒಂಬತ್ತು, ಹದಿನಾಲ್ಕು, ಹತ್ತು

"ನಿಮ್ಮ ಊರು ಸ್ವಂತದ್ದೋ, ಇನ್ನೊಂದು ಊರಿನ ಕೈಕೆಳಗಿನದೋ?"

ಸಿಡ್ನಿಯ ಲಿವರ್‌ಪೂಲ್ ಎಂಬ ಸಬರ್ಬ್‌ನಲ್ಲಿ ಬಾಡಿಗೆಗೆ ಮನೆ ನೋಡಲು ಹೋದಾಗ ಮನೆಯ ಮಾಲೀಕರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ ಇದು. ಅಲ್ಲಿಯವರೆಗೆ ಕಂಡ ಏಜೆಂಟರೆಲ್ಲ ವೀಸಾ ಯಾವುದು, ಕೆಲಸ ಎಲ್ಲಿ, ಮನೆಯೊಳಗೆ ಘಾಟು ಬರುವ ಕರಿ ಅಡುಗೆ ಮಾಡುತ್ತೀರಾ ಎಂದು ಕೇಳಿ ಸಾಗಹಾಕಿದ್ದರು. ಹಾಗಾಗಿ ಆ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆವು. ಈ ಪ್ರಶ್ನೆಗೆ ಮಾತ್ರ ನಾನೂ ನನ್ನ ಗಂಡ ವೀರೇಶನೂ ಮುಖ ಮುಖ ನೋಡಿಕೊಂಡೆವು.

"ನಮ್ಮ ಊರು ಗದಗ. ಮೊದಲು ಧಾರವಾಡ ಜಿಲ್ಲೆಯಲ್ಲಿತ್ತು. ತೊಂಬತ್ತೇಳರಲ್ಲಿ ನಮ್ಮದೇ ಜಿಲ್ಲೆ ಆಯಿತು," ಎಂದೆ ನನ್ನ ತಡವರಿಸುವ ಇಂಗ್ಲಿಷಿನಲ್ಲಿ.

ಮುದುಕರು ಕುರ್ಚಿಯಿಂದ ಎದ್ದು ಬಂದು ನನ್ನ ಕೈ ಕುಲುಕಿ "ಅಭಿನಂದನೆ" ಎಂದರು. ಗದಗ ಜಿಲ್ಲೆ ಆದದ್ದಕ್ಕೆ ಆಸ್ಟ್ರೇಲಿಯಾದಲ್ಲಿ ನನಗೆ ಅಭಿನಂದನೆ ಹೇಳಿದವರು ಅವರೊಬ್ಬರೇ. ನಮ್ಮ ಕನ್ನಡ ಸಂಘದವರೂ ಹೇಳಿಲ್ಲ. ಅಲ್ಲಿ ಊರಿನ ಹೆಸರು ಹೇಳಿದರೆ "ಓ, ಹುಬ್ಳಿ ಸೈಡ್ ಅಲ್ವಾ? ಫುಲ್ ಸ್ಪೈಸಿ ತಿಂತೀರ ನೀವು" ಎಂದು ಮಾತು ಮುಗಿಸುತ್ತಿದ್ದರು. ಅಂತೂ ಆ ಮನೆಯ ಹಿತ್ತಲಿನ ಗ್ರ್ಯಾನಿ ಫ್ಲಾಟ್, ಅಂದರೆ ದೊಡ್ಡ ಮನೆಯ ಹಿಂದೆ ಕಟ್ಟಿದ ಒಂದೂವರೆ ಕೋಣೆಯ ಬಿಡಾರ, ನಮಗೆ ಸಿಕ್ಕಿತು.

ಮಾಲೀಕರ ಹೆಸರು ಡೋನ್ ಎರ್ನೆಸ್ಟೊ. ಡೋನ್ ಎಂದರೆ ಅವರ ಸ್ಪ್ಯಾನಿಷ್ ಮಾತಿನಲ್ಲಿ ನಾವು ರಾಯರು, ಗೌಡ್ರು ಎಂದಂತೆ. ದಕ್ಷಿಣ ಅಮೆರಿಕದ ಚಿಲಿ ದೇಶದ ವಾಲ್ಡಿವಿಯಾ ಎಂಬ ಊರಿನವರು. ಹೆಂಡತಿ ತೀರಿಕೊಂಡು ಅದೇ ಲಿವರ್‌ಪೂಲಿನ ಮಣ್ಣಿನಲ್ಲಿದ್ದರು. ಮಗಳು ಪೌಲಾ ಅಪ್ಪನ ಜೊತೆಗಿದ್ದಳು. ಅಪ್ಪ ಸ್ಪ್ಯಾನಿಷಿನಲ್ಲಿ ಬೈದರೆ ಮಗಳು ಇಂಗ್ಲಿಷಿನಲ್ಲಿ ತಿರುಗಿ ಬೈಯುತ್ತಿದ್ದಳು. ನಮ್ಮ ಸಂಘದ ಮಕ್ಕಳೂ ಹಾಗೆಯೇ ಇದ್ದುದರಿಂದ ನನಗೆ ಅದೇನೂ ಹೊಸದೆನಿಸಲಿಲ್ಲ.

ಆ ಬೇಸಿಗೆಯಲ್ಲಿ ನಾನು ಹಿತ್ತಲಲ್ಲಿ ಪಡವಲಕಾಯಿ ಬೆಳೆದೆ. ಮೊದಲ ಕಾಯಿಯನ್ನು ಕೊಟ್ಟು ಬರೋಣವೆಂದು ಹೋದರೆ ಡೋನ್ ಎರ್ನೆಸ್ಟೊ ಅದನ್ನು ಎತ್ತಿ ಹಿಡಿದು "ಇದೇ ನನ್ನ ದೇಶ!" ಎಂದು ಕೂಗಿದರು. ನಕಾಶೆಯಲ್ಲಿ ಚಿಲಿ ಹಾಗೆಯೇ ಇದೆ, ಉತ್ತರದಿಂದ ದಕ್ಷಿಣಕ್ಕೆ ಜೋತುಬಿದ್ದ ಪಡವಲಕಾಯಿ. ಅವರು ಮೇಜಿನ ಮೇಲೆ ಕಾಯಿಯನ್ನು ಮಲಗಿಸಿ ಚಾಕುವಿನಿಂದ ಹೆಚ್ಚತೊಡಗಿದರು. ಒಂದೊಂದು ತುಂಡೂ ಒಂದು ರೆಹಿಯೋನ್, ನಾವು ವಿಭಾಗ ಎನ್ನುತ್ತೇವಲ್ಲ ಅದು. ಅದರೊಳಗೆ ಪ್ರೊವಿನ್ಸಿಯಾ, ಅಂದರೆ ಜಿಲ್ಲೆ. ಅದರೊಳಗೆ ಕೊಮೂನಾ, ನಮ್ಮ ತಾಲ್ಲೂಕಿನಷ್ಟು. ರೆಹಿಯೋನ್‌ಗಳಿಗೆ ಹೆಸರಿದ್ದರೂ ಜನ ಕರೆಯುವುದು ಸಂಖ್ಯೆಯಿಂದ. ಉತ್ತರದ ತುದಿಯದು ಒಂದು, ದಕ್ಷಿಣದ ತುದಿಯದು ಹನ್ನೆರಡು. ನಡುವೆ ಇರುವ ರಾಜಧಾನಿ ಸಾಂತಿಯಾಗೊ ಮಾತ್ರ ಈ ಸಾಲಿಗೆ ಸೇರದೆ ಬೇರೆ ಗತ್ತಿನಲ್ಲಿ ಕೂತಿದೆ. ರಾಜಧಾನಿಗಳ ಗತ್ತು ನನಗೇನು ಹೊಸದೇ?

"ಇದು ಹತ್ತನೆಯದು," ಎಂದು ಒಂದು ತುಂಡನ್ನು ಬೆರಳಿನಿಂದ ಒತ್ತಿದರು. "ವಾಲ್ಡಿವಿಯಾ ಇದರೊಳಗಿದೆ. ಮೊದಲು ನಮ್ಮದೇ ಪ್ರಾಂತ್ಯ, ನಾವೇ ರಾಜಧಾನಿ. ನಾನು ಆ ಕಚೇರಿಯಲ್ಲಿ ಗುಮಾಸ್ತ. ಸೈನಿಕರು ಬಂದು ಅಧಿಕಾರ ಹಿಡಿದರು, ದೇಶವನ್ನು ಹೀಗೆ ಹೆಚ್ಚಿದರು. ಇನ್ನು ಮೇಲೆ ನೀವು ಪ್ವೆರ್ತೊ ಮೋಂಟ್ ಊರಿನ ಕೈಕೆಳಗೆ ಅಂದರು. ನಮ್ಮ ಬಾಗಿಲ ಮೇಲಿನ ಫಲಕ ಇಳಿಸಿದರು. ನಾನು ಬಾಯಿ ಮಾಡಿದೆ, ನನ್ನನ್ನೂ ಇಳಿಸಿದರು."

ಆಮೇಲೆ ಒಂದು ಮಾತು ಹೇಳಿದರು. ಲಿವರ್‌ಪೂಲಿನ ಚಿಲಿಯವರಿಗೆಲ್ಲ ಅದು ಗೊತ್ತಿತ್ತು. ವಾಲ್ಡಿವಿಯಾ ಸ್ವಂತ ರೆಹಿಯೋನ್ ಆದ ದಿನ ತಾನು ಊರಿಗೆ ಹೊರಡುತ್ತೇನೆ, ಅಲ್ಲಿಯವರೆಗೆ ಆ ನೆಲ ಮೆಟ್ಟುವುದಿಲ್ಲ.

"ನಾನು ಹುಟ್ಟುವ ಮೊದಲಿಂದ ಇದನ್ನೇ ಹೇಳ್ತಿದ್ದಾನೆ," ಎಂದಳು ಪೌಲಾ, ಪಡವಲಕಾಯಿಯನ್ನು ಮೂಸಿ ನೋಡಿ ಮುಖ ಸಿಂಡರಿಸುತ್ತ.

ಹೇಗೂ ಹೋಗುವವರೇ ಎಂದು ಅವರು ಆ ಮನೆಗೆ ಏನನ್ನೂ ಮಾಡಿಸಿರಲಿಲ್ಲ. ಹಿಂದಿನ ಮೆಟ್ಟಿಲು ಮುರಿದಿತ್ತು, ಗೋಡೆಯ ಬಣ್ಣ ಹಕ್ಕಳೆ ಎದ್ದಿತ್ತು, ನಮ್ಮ ಬಚ್ಚಲಿನ ನಲ್ಲಿ ಸದಾ ಸೋರುತ್ತಿತ್ತು. ನಾನು ಬೆನ್ನ ಹಿಂದೆ ನಗುತ್ತಿದ್ದೆ. ನಗುವ ನನ್ನ ಮನೆಯಾದರೂ ಹೇಗಿತ್ತು? ನೆಲದ ಮೇಲೊಂದು ಹಾಸಿಗೆ, ಯಾರೋ ಕೌನ್ಸಿಲ್ಲಿನ ಕಸದ ಲಾರಿಗೆಂದು ರಸ್ತೆ ಬದಿಗೆ ಎಸೆದಿದ್ದ ಸೋಫಾ, ಎರಡು ತಟ್ಟೆ. ಮಂಚ ಕೊಳ್ಳೋಣ ಎಂದರೆ ವೀರೇಶ "ಪಿಆರ್ ಬರ್ಲಿ ತಡಿ" ಎನ್ನುತ್ತಿದ್ದ. ಪಿಆರ್ ಎಂದರೆ ಇಲ್ಲಿ ಕಾಯಮ್ಮಾಗಿ ಇರಲು ಸರ್ಕಾರ ಕೊಡುವ ಪರವಾನಗಿ. ಊರಿಗೊಮ್ಮೆ ಹೋಗಿ ಬರೋಣ ಎಂದರೂ ಅದೇ ಉತ್ತರ. "ನಡುವ ದೇಶ ಬಿಟ್ಟು ಹೋದ್ರ ತ್ರಾಸ ಆಗ್ತೈತಿ. ಪಿಆರ್ ಆತಂದ್ರ ಮರುದಿನಾನ ಟಿಕೆಟ್ ಬುಕ್ ಮಾಡ್ತೀನಿ, ಆಣಿ." ಅವನು ಇಲ್ಲಿಗೆ ಬಂದದ್ದೇ ಓದಲೆಂದು, ಆ ಓದು ಮುಗಿಯಿತು, ಅರ್ಜಿ ಹಾಕಿದೆವು, ಕಾದೆವು. ನಾನು ದಿನಾ ರೈಲು ಹಿಡಿದು ವೆಸ್ಟ್‌ಮೀಡ್‌ನ ಲ್ಯಾಬ್‌ಗೆ ಹೋಗಿ ಯಾರ ಯಾರದೋ ರಕ್ತದ ಬಾಟಲಿಗಳಿಗೆ ಚೀಟಿ ಅಂಟಿಸಿ ಬರುತ್ತಿದ್ದೆ. ಗದಗಿನಲ್ಲಿ ಎಂಎಸ್ಸಿ ಮಾಡಿದವಳೆಂದು ಓಣಿಯವರಿಂದೆಲ್ಲ ಹೊಗಳಿಸಿಕೊಂಡಿದ್ದೆ. ಇಲ್ಲಿ ಆ ಓದನ್ನು ಯಾರೂ ಕೇಳಲಿಲ್ಲ.

ಗದಗ ಜಿಲ್ಲೆಯಾದಾಗ ನಾನು ಕಾಲೇಜಿನಲ್ಲಿದ್ದೆ. ಪಟಾಕಿ ಹಾರಿಸಿದೆವು, ಪೇಡೆ ಹಂಚಿದೆವು, ಇನ್ನು ಧಾರವಾಡದ ಹಂಗಿಲ್ಲ ಎಂದು ಕುಣಿದೆವು. ಕಚೇರಿ ಬಂತು, ಸಾಹೇಬರು ಬಂದರು, ಕೆಂಪು ದೀಪದ ಕಾರು ಬಂತು. ನಲ್ಲಿಯಲ್ಲಿ ನೀರು ಮಾತ್ರ ಹಳೆಯ ಜಿಲ್ಲೆಯ ಕಾಲದಲ್ಲಿ ಬಂದಂತೆಯೇ ಬರುತ್ತಿತ್ತು. ಪೇಡೆ ಹಂಚಿದವರಲ್ಲಿ ಅರ್ಧ ಜನ ಕೆಲಸ ಹುಡುಕಿಕೊಂಡು ಬೆಂಗಳೂರು, ಪುಣೆ ಎಂದು ಚದುರಿದರು. ಇದನ್ನು ನಾನು ಡೋನ್ ಎರ್ನೆಸ್ಟೊಗೆ ಹೇಳಲಿಲ್ಲ. ಅಭಿನಂದನೆ ಹೇಳಿದವರಿಗೆ ಹೇಗೆ ಹೇಳುವುದು?

ವೀರೇಶನಿಗೆ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಮುದುಕರು ಗೇಟಿನವರೆಗೆ ಬಂದರು. "ಮೆಲ್ಬರ್ನ್ ಸಿಡ್ನಿಯ ಕೈಕೆಳಗಿಲ್ಲ, ಅದಕ್ಕೆ ಅದರದೇ ರಾಜ್ಯವಿದೆ. ಧೈರ್ಯವಾಗಿ ಹೋಗು," ಎಂದು ಕಣ್ಣು ಮಿಟುಕಿಸಿದರು.

ಸ್ವಂತ ರಾಜ್ಯದ ಆ ಊರು ನನಗೆ ಒಂದು ಹಿಡಿ ಮಣ್ಣನ್ನೂ ಕೊಡಲಿಲ್ಲ. ಗಾಜಿನ ಗೋಪುರದ ನಡುಮಹಡಿಯಲ್ಲಿ ಮನೆ, ಕೆಳಗೆ ಟ್ರಾಮ್, ಅದರಾಚೆ ಬೂದು ನೀರು, ಮೂಳೆಗೆ ಇಳಿಯುವ ಗಾಳಿ. ಲಿಫ್ಟಿನಲ್ಲಿ ದಿನಾ ಕಾಣುವವರು ದಿನಾ ತಮ್ಮ ಬೂಟನ್ನೇ ನೋಡುತ್ತಿದ್ದರು. ಲಿವರ್‌ಪೂಲಿನಲ್ಲಿ ನಲ್ಲಿಯಾದರೂ ಸೋರುತ್ತಿತ್ತು, ಬೈಯಲು ಒಬ್ಬ ಮನುಷ್ಯನಾದರೂ ಇದ್ದ. ಇಲ್ಲಿ ಎಲ್ಲವೂ ನೆಟ್ಟಗಿದ್ದವು. ಅಷ್ಟು ಒಂಟಿತನವನ್ನು ನಾನು ಎಲ್ಲಿಯೂ ಉಂಡಿಲ್ಲ.

ಎರಡು ಸಾವಿರದ ಏಳರ ಅಕ್ಟೋಬರ್‌ನಲ್ಲಿ ಪೌಲಾ ಫೋನ್ ಮಾಡಿದಳು. ವಾಲ್ಡಿವಿಯಾ ಸ್ವಂತ ರೆಹಿಯೋನ್ ಆಗಿತ್ತು. ಭಾನುವಾರ ಹಿತ್ತಲಲ್ಲಿ ಊಟ, ನೀನು ಬರಲೇಬೇಕು ಎಂದಳು. ನಾನು ಒಬ್ಬಳೇ ವಿಮಾನ ಹತ್ತಿ ಹೋದೆ. ಹೋಗುವಾಗ ಒಂದು ಡಬ್ಬಿ ಪೇಡೆ ಒಯ್ದೆ, ಅದು ನಮ್ಮ ಪದ್ಧತಿ.

ಹಿತ್ತಲಲ್ಲಿ ಕೆಂಡದ ಮೇಲೆ ಮಾಂಸ ಬೇಯುತ್ತಿತ್ತು. ವಾಲ್ಡಿವಿಯಾ ಕಡೆಯ ಮುದುಕರೆಲ್ಲ ಸೇರಿ, ಒಬ್ಬರನ್ನೊಬ್ಬರು ತಬ್ಬಿ, ಗ್ಲಾಸು ಎತ್ತಿ ಹಾಡುತ್ತಿದ್ದರು. ಡೋನ್ ಎರ್ನೆಸ್ಟೊ ಮಾತ್ರ ಮುರಿದ ಮೆಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಪೇಡೆ ಕೊಟ್ಟು "ಅಭಿನಂದನೆ" ಎಂದೆ. ಅವರು ಅದನ್ನು ಕೈಯಲ್ಲೇ ಹಿಡಿದುಕೊಂಡರು, ತಿನ್ನಲಿಲ್ಲ.

ಗೆಳೆಯರಲ್ಲೊಬ್ಬರು ಕೂಗಿ ಕೇಳಿದರು, "ಎರ್ನೆಸ್ಟೊ, ಟಿಕೆಟ್ ಯಾವಾಗ?" ಹಾಡು ನಿಂತಿತು.

"ಹೊಸದಕ್ಕೆ ಸಂಖ್ಯೆ ಎಷ್ಟು ಕೊಟ್ಟಿದ್ದಾರೆ ಗೊತ್ತೇ?" ಎಂದರು ಮುದುಕರು. "ಹದಿನಾಲ್ಕು, ಹದಿಮೂರು ರಾಜಧಾನಿಗಂತೆ. ಮೇಲೆ ಒಂಬತ್ತು, ಕೆಳಗೆ ಹತ್ತು, ನಡುವೆ ನಾವು ಹದಿನಾಲ್ಕು! ಹೀಗೆ ಯಾರಾದರೂ ಎಣಿಸುತ್ತಾರೆಯೇ? ನಾನು ಗುಮಾಸ್ತನಾಗಿದ್ದವನು, ಇಂಥ ಕೆಲಸವನ್ನು ಒಪ್ಪುವುದಿಲ್ಲ. ಮೊದಲು ಸಾಲು ಸರಿಮಾಡಲಿ. ಆಮೇಲೆ ಹೋಗುತ್ತೇನೆ."

ಎಲ್ಲರೂ ತಮಾಷೆ ಎಂದುಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಗಲಿಲ್ಲ.

ಅಡುಗೆಮನೆಯಲ್ಲಿ ಪೌಲಾ ತಟ್ಟೆ ತೊಳೆಯುತ್ತಿದ್ದಳು. "ಅಲ್ಲಿ ಈಗ ಯಾರೂ ಇಲ್ಲ. ಅಪ್ಪನ ಅಣ್ಣ ತೀರಿಹೋದ, ಗೆಳೆಯರೂ ಹೋದರು. ಹೋಗಿ ನೋಡುವವರೆಗೆ ಎಲ್ಲ ಇದ್ದ ಹಾಗೇ ಇರುತ್ತೆ, ಅಲ್ವಾ?" ಎಂದಳು. ನನಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಇಷ್ಟು ವರ್ಷ ಮೆಟ್ಟಿಲು ಮುರಿದುಕೊಂಡು, ಮಗಳ ಬಾಲ್ಯವನ್ನೆಲ್ಲ ಬಸ್‌ಸ್ಟ್ಯಾಂಡಿನ ಹಾಗೆ ಇಟ್ಟುಕೊಂಡು ಕೂತಿದ್ದು ಇದಕ್ಕೇ?

ಹೊರಗೆ ಹೋಗಿ ಅವರ ಎದುರು ನಿಂತೆ. "ನೀವು ಕೇಳಿದ್ದನ್ನು ಕೊಟ್ಟಿದ್ದಾರೆ. ಈಗ ಸಂಖ್ಯೆಯ ನೆಪ ಯಾಕೆ? ಹೋಗಿ ಬನ್ನಿ," ಎಂದೆ. ನನ್ನ ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು.

ಅವರು ಮೆಲ್ಲಗೆ ಕೇಳಿದರು, "ನಿನ್ನ ಗದಗ ಸ್ವಂತ ಜಿಲ್ಲೆ ಆಯಿತಲ್ಲ. ಮತ್ತೆ ನೀನು ಯಾಕೆ ಬಿಟ್ಟು ಬಂದೆ?"

ಪೇಡೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಏರ್‌ಪೋರ್ಟಿಗೆ ಹೊರಟೆ. ಆಮೇಲೆ ಅವರನ್ನು ನಾನು ನೋಡಿಲ್ಲ. ಈಗಲೂ ಲಿವರ್‌ಪೂಲಿನಲ್ಲೇ ಇದ್ದಾರೆ, ಮೆಟ್ಟಿಲು ಹಾಗೆಯೇ ಇದೆಯಂತೆ.

ಮರುವರ್ಷ ಜೂನ್ ಕೊನೆಗೆ ನಮ್ಮ ಪಿಆರ್ ಬಂತು. ನಾನು ಕೇಸರಿಭಾತ್ ಮಾಡಿದೆ. ಊಟದ ನಡುವೆ ಟಿಕೆಟ್ ಮಾತು ತೆಗೆದರೆ ವೀರೇಶ ತಟ್ಟೆಯಿಂದ ಕಣ್ಣೆತ್ತದೆ ಹೇಳಿದ, "ಸಿಟಿಜನ್‌ಶಿಪ್ ಒಂದ್ ಆಗಿಬಿಡ್ಲಿ. ಆಮ್ಯಾಲೆ ಆರಾಮ ಹೋಗಿ ಬರೂಣು."

ಮರುದಿನಾನ ಟಿಕೆಟ್, ಆಣಿ ಎಂದಿದ್ದ ಇದೇ ಬಾಯಿ! ಹದಿನಾಲ್ಕನೆಯ ಸಂಖ್ಯೆ ನಮ್ಮ ಮನೆಗೂ ಬಂತು ಎಂದುಕೊಂಡೆ. ಜಗಳ ತೆಗೆಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ಗದಗಿನಿಂದ ನಮ್ಮಕ್ಕ.

"ಸುದ್ದಿ ತಿಳೀತು ನೋಡವಾ, ಭಾಳ ಚಲೋ ಆತು," ಎಂದಳು. "ಇನ್ನ ಏನೂ ಅಡ್ಡಿ ಇಲ್ಲಲ್ಲ. ಯಾವಾಗ ಬರ್ತಿ?"

ಈ ಗಂಡನ ನೆಪವನ್ನು ಅವಳಿಗೆ ಹೇಳಿ ಅತ್ತುಬಿಡಬೇಕೆಂದಿದ್ದೆ. ಬಾಯಿಂದ ಹೊರಟದ್ದು ಬೇರೆಯೇ.

"ಈಗ ಬ್ಯಾಡಕ್ಕ. ಅಲ್ಲಿ ಬಿಸಲು ಭಾಳ ಇರ್ತೈತಿ. ಒಂದಿಷ್ಟು ಮಳಿ ಆಗ್ಲಿ, ತಂಪಾಗ್ಲಿ, ಬರ್ತೀನಿ."

"ಮಳಿ ಹಿಡದು ಹೆಸರು ಬಿತ್ತೂದು ಮುಗದೈತಲ್ಲವಾ," ಎಂದಳು. "ಇವತ್ತೂ ಬೆಳಗಿಂದ ಸುರೀಲಿಕ್ಕೆ ಹತ್ತೈತಿ. ಫೋನ್‌ನಾಗ ಕೇಳಸ್ತಿಲ್ಲೇನು?"

ಕಿವಿಗೊಟ್ಟೆ. ಹಿಂದುಗಡೆ ಅಷ್ಟು ಹೊತ್ತಿನಿಂದ ಸದ್ದಾಗುತ್ತಿತ್ತು. ನಾನು ಅದನ್ನು ಲೈನಿನ ತೊಂದರೆ ಎಂದುಕೊಂಡಿದ್ದೆ.